ಟೂ-ಸ್ಟ್ರೋಕ್ ಎಟಿವಿಗೆ ಸ್ಟ್ರೋಕರ್ ಕ್ರ್ಯಾಂಕ್: ಯಾವುದು ಹಾಕಿಸಬೇಕು, ಯಾವುದು ಬೇಡ

ಕ್ರ್ಯಾಂಕ್ ಸದ್ದು ಮಾಡೋಕೆ ಶುರುವಾಯಿತು, ಇಂಜಿನ್ ಬಿಚ್ಚಿದ್ದೂ ಆಯಿತು. ಆಗ ಬಹಳ ಜನರಿಗೆ ಒಂದೇ ಯೋಚನೆ ಬರುತ್ತದೆ. ಹೇಗೂ ದುಡ್ಡು ಹಾಕಲೇಬೇಕು, ಸ್ಟ್ರೋಕರ್ ಕ್ರ್ಯಾಂಕನ್ನೇ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರವನ್ನು, ಅಂದರೆ ಸ್ಟ್ರೋಕನ್ನು, ಹೆಚ್ಚಿಸುವ ಕ್ರ್ಯಾಂಕ್) ತರಿಸಿದರೆ ಪವರ್ ಕೂಡ ಜಾಸ್ತಿ ಆಗುತ್ತೆ ಅಲ್ವಾ? ಆಗುತ್ತದೆ. ಆದರೆ ಕ್ರ್ಯಾಂಕ್ ಬದಲಾದರೆ ಹೆಡ್, ಪಿಸ್ಟನ್, ಪೋರ್ಟ್, ಜೆಟ್ ಎಲ್ಲದರ ಲೆಕ್ಕವೂ ಬದಲಾಗುತ್ತದೆ. ಆ ಲೆಕ್ಕ ಮೊದಲು, ಆರ್ಡರ್ ಆಮೇಲೆ. ಈ ಬರಹದಲ್ಲಿ ಆ ಲೆಕ್ಕವನ್ನೇ ಮಾಡೋಣ.

ದಾವಣಗೆರೆ, ಚಿತ್ರದುರ್ಗದ ಕಡೆ ಟೂ-ಸ್ಟ್ರೋಕ್ ಎಟಿವಿ (ಎಲ್ಲ ತರದ ನೆಲದಲ್ಲೂ ಓಡುವ ನಾಲ್ಕು ಚಕ್ರದ ಗಾಡಿ) ಇಟ್ಟುಕೊಂಡವರು ಕಡಿಮೆ. ಇರುವವರು ಅದನ್ನು ಅಡಿಕೆ ತೋಟದಲ್ಲಿ, ಮೆಕ್ಕೆಜೋಳ ಕಟಾವಾದ ಹೊಲದಲ್ಲಿ, ಸ್ವಂತ ಜಮೀನಿನ ಏರುತಗ್ಗಿನಲ್ಲಿ ಓಡಿಸುತ್ತಾರೆ. ಯಮಹಾ ಆರ್‌ಎಕ್ಸ್ ಇಂಜಿನ್ ಕೂರಿಸಿ ನಾಲ್ಕು ಚಕ್ರದ ಗಾಡಿ ಮಾಡಿಸಿಕೊಳ್ಳುವ ಆಸೆ ಇರುವವರೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗಲಿ ಅಂತ ಲೆಕ್ಕಕ್ಕೆ ಯಮಹಾ ಬ್ಯಾನ್‌ಶೀ ಇಂಜಿನ್ ತೆಗೆದುಕೊಂಡಿದ್ದೇನೆ. 1987ರಲ್ಲಿ ಬಂದ ಈ ಎಟಿವಿಗೆ ಸ್ಟ್ರೋಕರ್ ಕ್ರ್ಯಾಂಕ್‌ಗಳು ಸಿಗುವಷ್ಟು ಬೇರೆ ಯಾವ ಟೂ-ಸ್ಟ್ರೋಕ್ ಎಟಿವಿಗೂ ಸಿಗುವುದು ಕಷ್ಟ. ಎರಡು ಸಿಲಿಂಡರ್, ನೀರಿನಿಂದ ತಣ್ಣಗಾಗುವ ಇಂಜಿನ್. ಬೋರ್ (ಸಿಲಿಂಡರ್‌ನ ಒಳ ಅಗಲ) 64 ಮಿ.ಮೀ., ಸ್ಟ್ರೋಕ್ 54 ಮಿ.ಮೀ., ಒಟ್ಟು 347 ಸಿಸಿ. ನಮ್ಮ ರಾಜದೂತ್ 350ರ ಬೋರ್, ಸ್ಟ್ರೋಕ್ ಕೂಡ ಇದೇ. ಅಳತೆ ಒಂದೇ ಇದೆ ಅಂತ ಇದರ ಕ್ರ್ಯಾಂಕ್ ಅದಕ್ಕೆ ಸುಮ್ನೆ ಕೂರುತ್ತದೆ ಅಂದುಕೊಳ್ಳಬೇಡಿ. ಲೆಕ್ಕ ಮಾಡುವ ರೀತಿ ಮಾತ್ರ ಎರಡಕ್ಕೂ ಒಂದೇ.

ಮೊದಲು ಸಿಸಿ ಲೆಕ್ಕ

ಬ್ಯಾನ್‌ಶೀಗೆ ಹೆಚ್ಚು ಜನ ಹಾಕಿಸುವುದು 4 ಮಿ.ಮೀ. ಸ್ಟ್ರೋಕರ್. ಸ್ಟ್ರೋಕ್ 54ರಿಂದ 58ಕ್ಕೆ ಹೋಗುತ್ತದೆ. ಸಿಸಿ 347ರಿಂದ 373 ಆಗುತ್ತದೆ. ನೂರಕ್ಕೆ ಏಳೂವರೆಯಷ್ಟು ಹೆಚ್ಚು.

ಈಗ ಕ್ರ್ಯಾಂಕ್ ಮುಟ್ಟದೆ ಬ್ಲಾಕ್ ಬೋರ್ ಮಾಡಿಸಿ 66 ಮಿ.ಮೀ. ಪಿಸ್ಟನ್ ಹಾಕಿದರೆ ಎಷ್ಟಾಗುತ್ತದೆ? 369 ಸಿಸಿ. ಎರಡಕ್ಕೂ ಇರುವ ವ್ಯತ್ಯಾಸ 4 ಸಿಸಿ ಅಷ್ಟೇ! ಸ್ಲೀವ್‌ನಲ್ಲಿ (ಬ್ಲಾಕ್ ಒಳಗಿನ ಕೊಳವೆ) ದಪ್ಪ ಉಳಿದಿದ್ದರೆ ಬೋರ್ ಮಾಡಿಸುವುದು ಎಷ್ಟೋ ಅಗ್ಗ. ಆದ್ದರಿಂದ ಸಿಸಿ ಒಂದನ್ನೇ ನೋಡಿ ಸ್ಟ್ರೋಕರ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಆರ್‌ಎಕ್ಸ್ ಇಂಜಿನ್ ಇರುವವರಿಗೆ ಈ ಮಾತು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಆರ್‌ಎಕ್ಸ್ 100ರ ಬೋರ್ 50, ಸ್ಟ್ರೋಕ್ 50, ಒಟ್ಟು 98 ಸಿಸಿ. 4 ಮಿ.ಮೀ. ಸ್ಟ್ರೋಕ್ ಹೆಚ್ಚಿಸಿದರೂ 106 ಸಿಸಿ, 2 ಮಿ.ಮೀ. ಬೋರ್ ಹೆಚ್ಚಿಸಿದರೂ 106 ಸಿಸಿ. ಆರ್‌ಎಕ್ಸ್ 135 ಮಾಡುವಾಗ ಯಮಹಾದವರೂ ಸ್ಟ್ರೋಕ್ 50ರಲ್ಲೇ ಬಿಟ್ಟು ಬೋರನ್ನು 58ಕ್ಕೆ ತಂದರು. ಆರ್‌ಎಕ್ಸ್ ಗಾಡಿಗೆ ಒಳ್ಳೆ ಸ್ಟಾಕ್ (ಕಂಪನಿ ಅಳತೆಯ) ಕ್ರ್ಯಾಂಕ್, ಸರಿಯಾಗಿ ಬೋರ್ ಆದ ಬ್ಲಾಕ್, ಇಷ್ಟು ಸಾಕು. ಸ್ಟ್ರೋಕರ್ ಬೇಡ ಅನ್ನುವುದೇ ನನ್ನ ಸಲಹೆ.

ಹಾಗಾದರೆ ಸ್ಟ್ರೋಕರ್ ಯಾರಿಗೆ? ಬೋರ್ ಆಗಲೇ ದೊಡ್ಡದಾಗಿ ಸ್ಲೀವ್ ಮುಗಿಯುತ್ತಾ ಬಂದವರಿಗೆ. ಸ್ಟಾಕ್ ಕ್ರ್ಯಾಂಕ್‌ನ ವೆಬ್‌ನಲ್ಲಿ (ಪಿನ್ ಹಿಡಿದಿರುವ ದಪ್ಪ ಬಿಲ್ಲೆ) ಪಿನ್ ಕೂರುವ ತೂತೇ ಸಡಿಲವಾಗಿ, ಹೇಗೂ ಪೂರ್ತಿ ಹೊಸ ಕ್ರ್ಯಾಂಕ್ ಬೇಕಾದವರಿಗೆ. ಮತ್ತೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಬೇಕಾದವರಿಗೆ. ಬ್ಯಾನ್‌ಶೀಗೆ ಮೇಲಿನ ಆರ್‌ಪಿಎಂನಲ್ಲಿ ಇರುವ ಜೋರು ಕೆಳಗೆ ಇಲ್ಲ. ಉಳುಮೆಯಾದ ಮೆತ್ತನೆ ಹೊಲದಲ್ಲಿ, ಮರಳಿನಲ್ಲಿ ಈ ಕೊರತೆ ಚೆನ್ನಾಗಿ ಗೊತ್ತಾಗುತ್ತದೆ.

ಮೇಲೆ 2, ಕೆಳಗೆ 2

4 ಮಿ.ಮೀ. ಸ್ಟ್ರೋಕರ್‌ನಲ್ಲಿ ಕ್ರ್ಯಾಂಕ್ ಪಿನ್ ನಡುವಿನಿಂದ 2 ಮಿ.ಮೀ. ಹೊರಗೆ ಹೋಗಿರುತ್ತದೆ. ಹಾಗಾಗಿ ಪಿಸ್ಟನ್ ಮೇಲೆ 2 ಮಿ.ಮೀ. ಜಾಸ್ತಿ ಏರುತ್ತದೆ, ಕೆಳಗೆ 2 ಮಿ.ಮೀ. ಜಾಸ್ತಿ ಇಳಿಯುತ್ತದೆ. ಹಳೇ ಹೆಡ್ ಹಾಗೇ ಇಟ್ಟರೆ ಪಿಸ್ಟನ್ ಹೋಗಿ ಹೆಡ್‌ಗೆ ಬಡಿಯುತ್ತದೆ. ಆ 2 ಮಿ.ಮೀ.ಗೆ ಎಲ್ಲಾದರೂ ಜಾಗ ಮಾಡಬೇಕು. ಯಾವ ಕಂಪನಿಯ ಕ್ರ್ಯಾಂಕ್ ಅನ್ನುವುದಕ್ಕಿಂತ ಈ ಜಾಗ ಎಲ್ಲಿ ಮಾಡುತ್ತೀರಿ ಅನ್ನುವುದೇ ಗಾಡಿ ಹೇಗೆ ಓಡುತ್ತದೆ ಅನ್ನುವುದನ್ನು ಹೆಚ್ಚು ತೀರ್ಮಾನ ಮಾಡುತ್ತದೆ. ಮಾರುವವರು ಇದನ್ನು ವಿವರಿಸುವುದು ಅಪರೂಪ.

ಮೂರು ದಾರಿ ಇದೆ. ಬ್ಲಾಕ್‌ನ ಕೆಳಗೆ 2 ಮಿ.ಮೀ. ದಪ್ಪದ ಪ್ಲೇಟ್ ಇಟ್ಟು ಬ್ಲಾಕನ್ನೇ ಎತ್ತುವುದು ಒಂದು. ಗಜನ್ ಪಿನ್ (ಪಿಸ್ಟನ್ ಮತ್ತು ರಾಡ್ ಸೇರಿಸುವ ಪಿನ್) ತೂತು 2 ಮಿ.ಮೀ. ಮೇಲಕ್ಕೆ ಇರುವ ಸ್ಟ್ರೋಕರ್ ಪಿಸ್ಟನ್ ಹಾಕುವುದು ಇನ್ನೊಂದು. ಹೆಡ್‌ನ ಡೋಮ್ (ಗುಮ್ಮಟದಂಥ ಒಳಭಾಗ) ಒಳಗೆ ಅಷ್ಟು ಆಳ ಕಡಿಸಿ, ಪಿಸ್ಟನ್ ಬ್ಲಾಕ್‌ನ ಅಂಚು ದಾಟಿ ಮೇಲೆ ಬರಲು ಬಿಡುವುದು ಮೂರನೆಯದು.

ಫೋರ್-ಸ್ಟ್ರೋಕ್ ಆಗಿದ್ದರೆ ಮೂರರಲ್ಲಿ ಯಾವುದಾದರೂ ನಡೆಯುತ್ತಿತ್ತು. ಅಲ್ಲಿ ವಾಲ್ವ್‌ಗಳ ಟೈಮಿಂಗ್ ಕ್ಯಾಮ್ ಕೈಯಲ್ಲಿರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ನೇ ವಾಲ್ವ್. ಪೋರ್ಟ್ ಅಂದರೆ ಬ್ಲಾಕ್‌ನ ಗೋಡೆಯಲ್ಲಿರುವ ಕಿಂಡಿ: ಎಕ್ಸಾಸ್ಟ್ ಪೋರ್ಟ್‌ನಿಂದ ಹೊಗೆ ಹೊರಗೆ ಹೋಗುತ್ತದೆ, ಟ್ರಾನ್ಸ್‌ಫರ್ ಪೋರ್ಟ್‌ನಿಂದ ಹೊಸ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ ಅನ್ನುವುದು ಬದಲಾದರೆ ಪೋರ್ಟ್ ತೆರೆಯುವ ಹೊತ್ತೂ ಬದಲಾಗುತ್ತದೆ.

ಒಂದು ಉದಾಹರಣೆಯ ಬ್ಲಾಕ್ ತೆಗೆದುಕೊಂಡು ಲೆಕ್ಕ ಹಾಕಿದ್ದೇನೆ. ಸ್ಟಾಕ್ 54 ಸ್ಟ್ರೋಕ್, 110 ಮಿ.ಮೀ. ಕನೆಕ್ಟಿಂಗ್ ರಾಡ್. ಕ್ರ್ಯಾಂಕ್‌ನ ಒಂದು ಸುತ್ತಿನ 360 ಡಿಗ್ರಿಯಲ್ಲಿ ಎಕ್ಸಾಸ್ಟ್ ಪೋರ್ಟ್ 192 ಡಿಗ್ರಿ, ಟ್ರಾನ್ಸ್‌ಫರ್ ಪೋರ್ಟ್ 130 ಡಿಗ್ರಿ ತೆರೆದಿರುತ್ತದೆ ಅಂತ ಇಟ್ಟುಕೊಳ್ಳಿ. ಇದೇ ಬ್ಲಾಕ್‌ಗೆ 4 ಮಿ.ಮೀ. ಸ್ಟ್ರೋಕರ್ ಹಾಕಿ, ಕೆಳಗೆ 2 ಮಿ.ಮೀ. ಪ್ಲೇಟ್ ಇಟ್ಟರೆ ಎಕ್ಸಾಸ್ಟ್ 201 ಡಿಗ್ರಿಗೆ ಹೋಗುತ್ತದೆ, ಟ್ರಾನ್ಸ್‌ಫರ್ 145ಕ್ಕೆ. ಅದೇ ಹೆಡ್ ಕಡಿಸಿದರೆ ಎಕ್ಸಾಸ್ಟ್ 193, ಟ್ರಾನ್ಸ್‌ಫರ್ 136.

ಪ್ಲೇಟ್ ಇಟ್ಟ ಇಂಜಿನ್ ಒಂದೇ ಏಟಿಗೆ ರೇಸ್ ಪೋರ್ಟಿಂಗ್ ಮಾಡಿಸಿದ ಹಾಗೆ ಆಗುತ್ತದೆ. ಮೇಲೆ ಕಿರುಚುತ್ತದೆ, ಕೆಳಗೆ ಸಪ್ಪೆ. ಎಳೆತಕ್ಕೆ ಅಂತ ಸ್ಟ್ರೋಕರ್ ಹಾಕಿಸಿದವರು ಕೊನೆಗೆ ಎಳೆತವನ್ನೇ ಕಳೆದುಕೊಳ್ಳುವುದು ಇಲ್ಲಿ. ಹೆಡ್ ಕಡಿಸಿದ ಇಂಜಿನ್‌ನಲ್ಲಿ ಎಕ್ಸಾಸ್ಟ್ ಟೈಮಿಂಗ್ ಹೆಚ್ಚು ಕಡಿಮೆ ಮೊದಲಿನಷ್ಟೇ ಉಳಿಯುತ್ತದೆ. ಹೆಚ್ಚಿದ ಸಿಸಿ ಪೂರ್ತಿಯಾಗಿ ಎಳೆತಕ್ಕೆ ಸಿಗುತ್ತದೆ.

ಸ್ಟ್ರೋಕರ್ ಪಿಸ್ಟನ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪ್ಲೇಟ್ ಬೇಡ, ಹೆಡ್ ಕಡಿಯೋದು ಬೇಡ, ಪಿಸ್ಟನ್ ಬದಲಿಸಿದರೆ ಏನೂ ಬದಲಾಗಲ್ಲ ಅಂತ ಹೇಳುತ್ತಾರೆ. ಪೋರ್ಟ್ ಟೈಮಿಂಗ್ ಲೆಕ್ಕದಲ್ಲಿ ಅದು ಪ್ಲೇಟ್ ಇಟ್ಟ ಹಾಗೇ. ಬ್ಲಾಕ್ 2 ಮಿ.ಮೀ. ಏರಿದರೂ ಒಂದೇ, ಪಿಸ್ಟನ್ ತಲೆ 2 ಮಿ.ಮೀ. ತಗ್ಗಿದರೂ ಒಂದೇ. ಅದೇ 201, ಅದೇ 145. ಪಿಸ್ಟನ್ ದಾರಿಯ ಲಾಭ ಅಂದರೆ ಕೆಳಗೆ ಎರಡೆರಡು ಪ್ಯಾಕಿಂಗ್ ಇರುವುದಿಲ್ಲ, ಗಾಳಿ ಸೋರುವ ಜಾಗ ಕಡಿಮೆ. ಸೈಲೆನ್ಸರ್ ಕೂರುವ ಎತ್ತರವೂ ಬದಲಾಗುವುದಿಲ್ಲ. ಪ್ಲೇಟಿಗಿಂತ ಇದು ಅಚ್ಚುಕಟ್ಟು, ಆದರೆ ಗುಣ ಅದರದ್ದೇ.

ನಮ್ಮ ಕಡೆಯ ಓಡಾಟಕ್ಕೆ ನಾನು ಹೆಡ್ ಕಡಿಸುವ ದಾರಿಯನ್ನೇ ಹೇಳುತ್ತೇನೆ. ಅದರಲ್ಲೂ ಎರಡು ಜಾಗ ಪರೀಕ್ಷೆ ಮಾಡಬೇಕು. ಪಿಸ್ಟನ್ ಪೂರ್ತಿ ಮೇಲೆ ಹೋದಾಗ ಅದರ ಕೆಳಗಿನ ಅಂಚು ಎಕ್ಸಾಸ್ಟ್ ಪೋರ್ಟನ್ನು ಇನ್ನೂ ಮುಚ್ಚಿರಬೇಕು. 2 ಮಿ.ಮೀ. ಮೇಲೆ ಏರಿದ್ದರಿಂದ ಅಲ್ಲಿ ಸಂದು ಬಿದ್ದರೆ ಕ್ರ್ಯಾಂಕ್‌ಕೇಸ್‌ಗೂ ಸೈಲೆನ್ಸರ್‌ಗೂ ನೇರ ದಾರಿ ಆಗಿಬಿಡುತ್ತದೆ. ಇನ್ನೊಂದು, ಎಕ್ಸಾಸ್ಟ್ ತೆರೆದ ಮೇಲೆ ಟ್ರಾನ್ಸ್‌ಫರ್ ತೆರೆಯುವವರೆಗೆ ಸಿಗುವ ಬಿಡುವು. ನಮ್ಮ ಉದಾಹರಣೆಯಲ್ಲಿ ಅದು 31 ಡಿಗ್ರಿಯಿಂದ ಸುಮಾರು 28ಕ್ಕೆ ಇಳಿಯುತ್ತದೆ. ಸುಟ್ಟ ಹೊಗೆ ಹೊರಗೆ ಹೋಗಲು ಸ್ವಲ್ಪ ಕಡಿಮೆ ಹೊತ್ತು. ಮೆತ್ತಗೆ ಓಡಿಸುವವರಿಗೆ ಇದು ತೊಂದರೆ ಅಲ್ಲ. ಮೇಲಿನ ಆರ್‌ಪಿಎಂ ಬೇಕು ಅನ್ನುವವರು ಎಕ್ಸಾಸ್ಟ್ ಪೋರ್ಟನ್ನು ಸ್ವಲ್ಪ ಎತ್ತಿಸಬೇಕಾಗುತ್ತದೆ. ಆ ಕೆಲಸ ಡಿಗ್ರಿ ವ್ಹೀಲ್ ಇಟ್ಟು ಅಳೆಯುವವರ ಕೈಗೇ ಕೊಡಿ. ಕಣ್ಣಂದಾಜಿನಲ್ಲಿ ಗ್ರೈಂಡರ್ ಇಡುವವರ ಕೈಗೆ ಬ್ಲಾಕ್ ಕೊಡಬೇಡಿ, ಒಮ್ಮೆ ತೆಗೆದ ಲೋಹ ವಾಪಸ್ ಬರುವುದಿಲ್ಲ.

110 ರಾಡ್, 115 ರಾಡ್

ಬ್ಯಾನ್‌ಶೀ ಸ್ಟ್ರೋಕರ್ ಕ್ರ್ಯಾಂಕ್ ಎರಡು ರಾಡ್ ಅಳತೆಯಲ್ಲಿ ಬರುತ್ತದೆ. ಸ್ಟಾಕ್ ಉದ್ದ 110 ಮಿ.ಮೀ., ಉದ್ದನೆಯದು 115 ಮಿ.ಮೀ. ಉದ್ದ ರಾಡ್ ಹಾಕಿದರೆ ಪಿನ್ ತೂತು 5 ಮಿ.ಮೀ. ಮೇಲಿರುವ ಪಿಸ್ಟನ್ನೇ ಬೇಕು. ಸ್ಟಾಕ್ ಮಾದರಿಯ ಪಿಸ್ಟನ್ ನಡೆಯುವುದಿಲ್ಲ. ಆರ್ಡರ್ ಮಾಡುವಾಗ ಜನ ಎಡವುವುದು ಇಲ್ಲೇ. ಕ್ರ್ಯಾಂಕ್ ಒಂದು ಕಡೆಯಿಂದ, ಪಿಸ್ಟನ್ ಇನ್ನೊಂದು ಕಡೆಯಿಂದ ತರಿಸುತ್ತಾರೆ, ಎರಡೂ ಹೊಂದುವುದಿಲ್ಲ.

ಉದ್ದ ರಾಡ್‌ನಿಂದ ಲಾಭ ಇದೆಯಾ? ಇದೆ, ಆದರೆ ಹೇಳುವಷ್ಟು ದೊಡ್ಡದಲ್ಲ. 9,000 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲೆ ಬಂದು ತಿರುಗುವಾಗ ರಾಡ್ ಮೇಲೆ ಬೀಳುವ ಎಳೆತ, ಸ್ಟಾಕ್‌ಗಿಂತ 110 ರಾಡ್‌ನ ಸ್ಟ್ರೋಕರ್‌ನಲ್ಲಿ ನೂರಕ್ಕೆ 9ರಷ್ಟು ಜಾಸ್ತಿ. 115 ರಾಡ್‌ನಲ್ಲಿ ನೂರಕ್ಕೆ 8ರಷ್ಟು. ವ್ಯತ್ಯಾಸ ನೂರಕ್ಕೆ ಒಂದರಷ್ಟು ಮಾತ್ರ. ರಾಡ್ ಓರೆಯಾಗುವುದು ಕಡಿಮೆ ಆಗಿ ಪಿಸ್ಟನ್ ಬ್ಲಾಕ್‌ನ ಗೋಡೆಗೆ ಒತ್ತುವುದೂ ಸ್ವಲ್ಪ ಕಡಿಮೆಯಾಗುತ್ತದೆ, ಅದು ಪಿಸ್ಟನ್ ಬಾಳಿಕೆಗೆ ಒಳ್ಳೆಯದು. ರೇಸ್‌ಗೆ ಇಂಜಿನ್ ಕಟ್ಟುವವರು 115 ತೆಗೆದುಕೊಳ್ಳಲಿ. ಬಾಕಿಯವರು ತಮಗೆ ಯಾವ ಪಿಸ್ಟನ್ ಸುಲಭವಾಗಿ ಮತ್ತೆ ಮತ್ತೆ ಸಿಗುತ್ತದೆ ಅಂತ ನೋಡಿ ರಾಡ್ ಆರಿಸಲಿ. ನಮ್ಮ ಊರಿನಲ್ಲಿ ಕೂತು ತರಿಸಿಕೊಳ್ಳುವವರಿಗೆ ಇದು ತುಂಬಾ ಮುಖ್ಯ. ಒಂದು ಪಿಸ್ಟನ್ ಸೆಟ್‌ಗಾಗಿ ಗಾಡಿ ತಿಂಗಳುಗಟ್ಟಲೆ ನಿಂತರೆ ಎಷ್ಟು ಬೇಜಾರು!

7 ಮಿ.ಮೀ., 10 ಮಿ.ಮೀ. ಸ್ಟ್ರೋಕರ್‌ಗಳೂ ಇವೆ. 68 ಬೋರ್‌ನ ಬೇರೆ ಸಿಲಿಂಡರ್ ಜೊತೆ 10 ಮಿ.ಮೀ. ಸ್ಟ್ರೋಕರ್ ಕೂಡಿದರೆ 465 ಸಿಸಿ ಆಗುತ್ತದೆ. ಅದು ಮರಳುದಿಬ್ಬದ ಮೇಲೆ ರೇಸ್ ಓಡಿಸುವವರ ಲೋಕ. ಕೇಸ್ ಒಳಗೆ ಕಡಿಯಬೇಕು, ಸಿಲಿಂಡರ್ ಬೇರೆ, ಪೈಪ್ ಬೇರೆ, ಕ್ಲಚ್ ಬೇರೆ. ತೋಟಕ್ಕೂ ಹೊಲಕ್ಕೂ ಬೇಡ.

ಕ್ರ್ಯಾಂಕ್ ಹೇಗೆ ಮಾಡಿದ್ದಾರೆ ನೋಡಿ

ಟೂ-ಸ್ಟ್ರೋಕ್ ಕ್ರ್ಯಾಂಕ್ ಒಂದೇ ಲೋಹದ ತುಂಡಲ್ಲ. ವೆಬ್‌ಗಳು, ಪಿನ್, ರಾಡ್, ಬೇರಿಂಗ್ ಎಲ್ಲವನ್ನೂ ಪ್ರೆಸ್‌ನಲ್ಲಿ ಒತ್ತಿ ಜೋಡಿಸಿರುತ್ತಾರೆ. ಆದ್ದರಿಂದ ಸ್ಟ್ರೋಕರ್ ಮಾಡಲು ಎರಡು ರೀತಿ ಇದೆ. ವೆಬ್‌ನಲ್ಲಿ ಪಿನ್‌ನ ತೂತನ್ನೇ ಹೊರಗೆ ಕೊರೆದು ಹೊಸದಾಗಿ ಮಾಡಿದ ಕ್ರ್ಯಾಂಕ್ ಒಂದು. ಸ್ಟಾಕ್ ವೆಬ್ ಇಟ್ಟುಕೊಂಡು, ನಡುಭಾಗ ಮಾತ್ರ 2 ಮಿ.ಮೀ. ಪಕ್ಕಕ್ಕೆ ಇರುವ ಆಫ್‌ಸೆಟ್ ಪಿನ್ ಒತ್ತುವುದು ಇನ್ನೊಂದು.

ಆಫ್‌ಸೆಟ್ ಪಿನ್ ಅಗ್ಗ. ಲೇತ್‌ನಲ್ಲಿ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಇದರಿಂದ ದೂರ ಇರಿ ಅಂತ ಕೇಳಿಕೊಳ್ಳುತ್ತೇನೆ. ಆ ಪಿನ್ ಎರಡೂ ವೆಬ್‌ನಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ ದಿಕ್ಕಿಗೆ ಕೂರಬೇಕು. ಓಡುವಾಗ ಸ್ವಲ್ಪ ತಿರುಗಿದರೂ ಕ್ರ್ಯಾಂಕ್ ಓರೆಯಾಯಿತು ಅಂತಲೇ ಅರ್ಥ. ಇನ್ನು ಪಿನ್‌ನ ಮೇಲ್ಮೈ ಗಟ್ಟಿ ಮಾಡಿ ಆಮೇಲೆ ಗ್ರೈಂಡ್ ಮಾಡಿರಬೇಕು. ಬರೀ ಲೇತ್‌ನಲ್ಲಿ ತಿರುಗಿಸಿದ ಪಿನ್ ಮೇಲೆ ನೀಡಲ್ ಬೇರಿಂಗ್ ಓಡಿದರೆ ಬೇಗ ಗೆರೆ ಬಿದ್ದು ಸಿಪ್ಪೆ ಏಳುತ್ತದೆ. ಆ ಚೂರು ನೇರ ಬ್ಲಾಕ್‌ಗೆ ಹೋಗುತ್ತದೆ. ಉಳಿಸಿದ ದುಡ್ಡು ಪಿಸ್ಟನ್‌ಗೂ ಬೋರ್‌ಗೂ ಹೋಗುತ್ತದೆ.

ಪಿನ್ ವೆಲ್ಡ್ ಮಾಡಿದ ಕ್ರ್ಯಾಂಕ್ ಬೇಕಾ, ಬೇಡವಾ ಅನ್ನುವುದು ಇನ್ನೊಂದು ಪ್ರಶ್ನೆ. ಬ್ಯಾನ್‌ಶೀಯಂಥ ಎರಡು ಸಿಲಿಂಡರ್ ಕ್ರ್ಯಾಂಕ್ ಉದ್ದ. ಕ್ಲಚ್ ಜೋರಾಗಿ ಬಿಟ್ಟಾಗ, ಗಾಳಿಯಲ್ಲಿ ಹಾರಿ ನೆಲಕ್ಕೆ ಬಿದ್ದಾಗ ನಡುವೆ ತಿರುಚಿಕೊಳ್ಳುತ್ತದೆ. ವೆಲ್ಡ್ ಮಾಡಿದ್ದರೆ ತಡೆಯುತ್ತದೆ. ಆದರೆ ವೆಲ್ಡ್ ಆದ ಕ್ರ್ಯಾಂಕ್‌ಗೆ ಮುಂದೆ ರಾಡ್ ಕಿಟ್ (ರಾಡ್, ಪಿನ್, ಬೇರಿಂಗ್) ಬದಲಿಸುವುದು ಕಷ್ಟ, ವೆಲ್ಡ್ ಕಡಿದು ತೆಗೆಯಬೇಕು. ಜಿಗಿತ, ರೇಸ್ ಇದ್ದವರಿಗೆ ವೆಲ್ಡ್ ಇರಲಿ. ನಿಧಾನವಾಗಿ ಓಡಿಸಿ, ನಾಲ್ಕಾರು ವರ್ಷಕ್ಕೆ ರಾಡ್ ಕಿಟ್ ಹಾಕಿಸಿಕೊಂಡು ಅದೇ ಕ್ರ್ಯಾಂಕ್ ಇಟ್ಟುಕೊಳ್ಳುವವರಿಗೆ ವೆಲ್ಡ್ ಇಲ್ಲದ್ದೇ ವಾಸಿ.

ಕೊಳ್ಳುವ ಮುಂಚೆ ಮಾರುವವರನ್ನು ಇವೆರಡು ಕೇಳಿ: ಈ ಕ್ರ್ಯಾಂಕ್‌ನ ರಾಡ್ ಕಿಟ್ ಬಿಡಿಯಾಗಿ ಸಿಗುತ್ತಾ? ಪಿನ್‌ನ ವ್ಯಾಸ, ನೀಡಲ್ ಬೇರಿಂಗ್ ಅಳತೆ ಸ್ಟಾಕ್‌ನದ್ದೇನಾ? ಇಲ್ಲ ಅಂದರೆ ಆ ಕ್ರ್ಯಾಂಕ್ ಎಷ್ಟೇ ಚೆಂದ ಇದ್ದರೂ ಒಂದೇ ಬಾಳ್ವೆಯದು. ಸ್ಟಾಕ್ ಕ್ರ್ಯಾಂಕ್‌ಗೆ ಒಳ್ಳೆ ರಾಡ್ ಕಿಟ್ ಹಾಕಿಸುವ ದಾರಿಗೆ ಇರುವ ದೊಡ್ಡ ಬಲ ಇದೇ. ಪ್ರೆಸ್ ಮತ್ತು ಡಯಲ್ ಗೇಜ್ ಇರುವ ಅನುಭವಿ ಮೆಕ್ಯಾನಿಕ್ ಅದನ್ನು ಎಷ್ಟೋ ಸಲ ಹೊಸದು ಮಾಡಿಕೊಡಬಹುದು.

ನಮ್ಮ ದೂಳು, ನಮ್ಮ ಪೆಟ್ರೋಲ್

ಅಮೆರಿಕದವರು ಬರೆದ ಸಲಹೆಗಳನ್ನು ಹಾಗೇ ತಂದು ಇಲ್ಲಿ ಹಾಕಲು ಆಗುವುದಿಲ್ಲ. ಟೂ-ಸ್ಟ್ರೋಕ್‌ನಲ್ಲಿ ಗಾಳಿ ಮೊದಲು ಹೋಗುವುದು ಕ್ರ್ಯಾಂಕ್‌ಕೇಸ್ ಒಳಗೆ, ಆಮೇಲೆ ಬ್ಲಾಕ್‌ಗೆ. ಹಾಗಾಗಿ ಫಿಲ್ಟರ್ ದಾಟಿ ಬಂದ ದೂಳು ಪಿಸ್ಟನ್‌ಗಿಂತ ಮುಂಚೆ ಕ್ರ್ಯಾಂಕ್‌ನ ಬೇರಿಂಗ್ ಕಾಣುತ್ತದೆ. ಬೇಸಿಗೆಯಲ್ಲಿ ಎರೆಹೊಲದ ದೂಳು ಎಷ್ಟು ಸಣ್ಣ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಎಣ್ಣೆ ಹಚ್ಚಿದ ಫೋಮ್ ಫಿಲ್ಟರ್ ಇಲ್ಲದೆ, ಏರ್‌ಬಾಕ್ಸ್ ಮುಚ್ಚಳ ತೆಗೆದು ಓಡಿಸುವವರು ಸ್ಟ್ರೋಕರ್‌ಗೆ ದುಡ್ಡು ಹಾಕುವುದು ದಂಡ. ಮೊದಲು ಫಿಲ್ಟರ್ ಸರಿ ಮಾಡಿ.

ಪೆಟ್ರೋಲ್ ಕೂಡ ಬದಲಾಗಿದೆ. ಈಗ ಬಂಕ್‌ನಲ್ಲಿ ಹೆಚ್ಚಾಗಿ ಸಿಗುವುದು ನೂರಕ್ಕೆ 20ರಷ್ಟು ಎಥನಾಲ್ ಬೆರೆತದ್ದು. ಎಥನಾಲ್ ಇದ್ದಷ್ಟೂ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ಹಳೇ ಜೆಟ್‌ನಲ್ಲೇ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತು) ಬಿಟ್ಟರೆ ಮಿಶ್ರಣ ತೆಳುವಾಗಿ ಪಿಸ್ಟನ್ ಸೀಜ್ ಆಗುವ ಅಪಾಯ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾರ್ಬೊರೇಟರ್ ಖಾಲಿ ಮಾಡಿ, ಕ್ರ್ಯಾಂಕ್‌ಕೇಸ್‌ಗೆ ಸ್ವಲ್ಪ ಟೂ-ಟಿ ಆಯಿಲ್ ಹೋಗುವ ಹಾಗೆ ಮಾಡಿ ನಿಲ್ಲಿಸಿ. ತುಕ್ಕು ಹಿಡಿದ ಬೇರಿಂಗ್‌ಗೆ ಸ್ಟಾಕ್, ಸ್ಟ್ರೋಕರ್ ಅನ್ನುವ ಭೇದ ಇಲ್ಲ.

ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಇನ್ನೂ ಮೇಲೆ. ಇಲ್ಲಿ ಗಾಳಿ ಸ್ವಲ್ಪ ತೆಳು, ಅದರ ಮೇಲೆ ಏಪ್ರಿಲ್ ಬಿಸಿಲು. ಇವೆರಡೂ ಚಿಕ್ಕ ಜೆಟ್ ಕೇಳುತ್ತವೆ. ಎಥನಾಲ್ ಮತ್ತು ಹೆಚ್ಚಿದ ಸಿಸಿ ದೊಡ್ಡ ಜೆಟ್ ಕೇಳುತ್ತವೆ. ಹಾಗಾಗಿ ಯಾರದೋ ಜೆಟ್ ನಂಬರ್ ಕೇಳಿ ಹಾಕಬೇಡಿ. ದೊಡ್ಡ ಜೆಟ್‌ನಿಂದ ಶುರು ಮಾಡಿ, ಪ್ಲಗ್ ಬಣ್ಣ ನೋಡುತ್ತಾ ಒಂದೊಂದೇ ಮೆಟ್ಟಿಲು ಇಳಿಯಿರಿ.

ಯಾರಿಗೆ ಯಾವುದು

ಎಟಿವಿ ತೋಟದ ಕೆಲಸಕ್ಕೆ, ವಾರಕ್ಕೊಮ್ಮೆ ಓಡಾಟಕ್ಕೆ ಇದೆ, ಸ್ಟಾಕ್ ಕ್ರ್ಯಾಂಕ್‌ನ ವೆಬ್ ಚೆನ್ನಾಗಿದೆ ಅಂದರೆ ಒಳ್ಳೆ ರಾಡ್ ಕಿಟ್, ಹೊಸ ಬೇರಿಂಗ್, ಹೊಸ ಸೀಲ್ ಹಾಕಿಸಿ. ಬಹುಪಾಲು ಜನರಿಗೆ ಇದೇ ಸರಿಯಾದ ಆಯ್ಕೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ವೆಬ್ ಹೋಗಿದೆ, ಹೊಸದೇ ಬೇಕು, ಎಳೆತವೂ ಬೇಕು ಅಂದರೆ 4 ಮಿ.ಮೀ. ಸ್ಟ್ರೋಕರ್, 110 ರಾಡ್, ವೆಲ್ಡ್ ಇಲ್ಲದ್ದು, ಅದಕ್ಕೆ ಕಡಿಸಿದ ಡೋಮ್. ಖಾಸಗಿ ಟ್ರ್ಯಾಕ್‌ನಲ್ಲಿ ಮೇಲಿನ ಆರ್‌ಪಿಎಂ ಹಿಡಿದು ಓಡಿಸುವವರು 115 ರಾಡ್, ವೆಲ್ಡ್ ಆದ ಪಿನ್, ಡಿಗ್ರಿ ಅಳೆದು ಮಾಡಿದ ಪೋರ್ಟಿಂಗ್ ಕಡೆ ಹೋಗಲಿ. ರಸ್ತೆಗೆ ರಿಜಿಸ್ಟರ್ ಆದ ಆರ್‌ಎಕ್ಸ್ ಅಥವಾ ರಾಜದೂತ್ ಇಂಜಿನ್‌ನ ಸಿಸಿ ಬದಲಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಅದಕ್ಕೆ ಅಡ್ಡ ಬರುತ್ತದೆ.

ಕ್ರ್ಯಾಂಕ್ ಕೈಗೆ ಬಂದ ಮೇಲೆ, ಹೊಸದೇ ಆಗಿದ್ದರೂ, ಕೂರಿಸುವ ಮುಂಚೆ ಡಯಲ್ ಗೇಜ್ ಇಟ್ಟು ನೋಡಿಸಿ. ಪಾರ್ಸೆಲ್‌ನಲ್ಲಿ ಬಿದ್ದು ಓರೆಯಾಗಿರುವುದು ಉಂಟು. ಎರಡೂ ತುದಿಯಲ್ಲಿ ಓಲಾಟ 0.03 ಮಿ.ಮೀ. ಒಳಗೆ ಇರಬೇಕು. ಕೇಸ್‌ನಲ್ಲಿ ಇಟ್ಟು ಕೈಯಿಂದ ಪೂರ್ತಿ ತಿರುಗಿಸಿ. ರಾಡ್‌ನ ದೊಡ್ಡ ತಲೆ ಈಗ 2 ಮಿ.ಮೀ. ಹೊರಗೆ ಸುತ್ತುತ್ತದೆ. ಅದು ಕೇಸ್‌ಗೂ, ಬ್ಲಾಕ್‌ನ ಕೆಳಗಿನ ಅಂಚಿಗೂ ತಾಗಬಾರದು. ಹೆಡ್ ಬಿಗಿ ಮಾಡಿ, ಪ್ಲಗ್ ತೂತಿನಿಂದ ಬೆಸುಗೆ ತಂತಿ ಬಿಟ್ಟು, ಒಂದು ಸುತ್ತು ತಿರುಗಿಸಿ ತೆಗೆಯಿರಿ. ಚಪ್ಪಟೆಯಾದ ತುದಿಯ ದಪ್ಪ 1ರಿಂದ 1.2 ಮಿ.ಮೀ. ಬಂದರೆ ಸ್ಕ್ವಿಶ್ (ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಸಂದು) ಸರಿ ಇದೆ. ಮುಕ್ಕಾಲು ಮಿ.ಮೀ.ಗಿಂತ ಕಡಿಮೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ, ಡೋಮ್ ಮತ್ತೆ ಕಡಿಸಬೇಕು. ಎರಡೂ ಸಿಲಿಂಡರ್‌ನಲ್ಲಿ, ಗಜನ್ ಪಿನ್‌ನ ಎರಡೂ ಪಕ್ಕ ಈ ಪರೀಕ್ಷೆ ಮಾಡಿ. ಎಲ್ಲ ಸರಿ ಬಂದ ಮೇಲೆ 32ಕ್ಕೆ 1ರ ಮಿಶ್ರಣ, ಅಂದರೆ ಲೀಟರ್‌ಗೆ 31 ಮಿ.ಲೀ. ಆಯಿಲ್ ಹಾಕಿ, ಅರ್ಧ ಥ್ರಾಟಲ್ ದಾಟದ ಹಾಗೆ, ನಡುನಡುವೆ ಪೂರ್ತಿ ತಣ್ಣಗಾಗಲು ಬಿಟ್ಟು, ಎರಡು ಟ್ಯಾಂಕ್ ಓಡಿಸಿ. ಆಮೇಲೆ ಹೆಡ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚ್‌ನಿಂದ ನೋಡಿ.